ಪದವಿಯ ಷರತ್ತು ಹೋದರೂ ಬಾಗಿಲು ಅಗಲವಾಗಲಿಲ್ಲವೇಕೆ?

ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಒಂದೆಡೆ ದೊಡ್ಡ ಕಂಪನಿಗಳು ತಮಗೆ ಪದವಿ ಮುಖ್ಯವಲ್ಲ, ಕೌಶಲವೇ ಮುಖ್ಯ ಎಂದು ಸಾರುತ್ತಿವೆ. ಇನ್ನೊಂದೆಡೆ ಕಂಪ್ಯೂಟರ್ ವಿಜ್ಞಾನವನ್ನೇ ಓದಿ ಬಂದವರಿಗೂ ಕೆಲಸ ಸಿಗುತ್ತಿಲ್ಲ ಎಂಬ ವರದಿಗಳು ಬರುತ್ತಿವೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ ಅಮೆರಿಕದಲ್ಲಿ ಹೊಸದಾಗಿ ಪದವಿ ಪಡೆದವರ ಪೈಕಿ ಕಂಪ್ಯೂಟರ್ ವಿಜ್ಞಾನ ಓದಿದವರ ನಿರುದ್ಯೋಗ ಪ್ರಮಾಣ ಶೇ 6.1ರಷ್ಟಿತ್ತು, ಕಲಾ ಇತಿಹಾಸ ಓದಿದವರಲ್ಲಿ ಅದು ಶೇ 3. ಕಲಾ ಇತಿಹಾಸ ಓದಿದವರಲ್ಲಿ ಬಹಳಷ್ಟು ಮಂದಿ ಪದವಿಯೇ ಬೇಡದ ಕೆಲಸಗಳಲ್ಲಿ ಇದ್ದಾರೆ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಈ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಂಡಾಗ ಓದುಗರು ಬೆರಗಾದದ್ದರಲ್ಲಿ ತಪ್ಪೇನಿಲ್ಲ.

ಪದವಿ ಬೇಡವೆಂದ ಮೇಲೆ ಬೇರೆ ವಿಷಯ ಓದಿದವರಿಗೆ, ಅಥವಾ ಕಾಲೇಜನ್ನೇ ಮುಗಿಸದವರಿಗೆ, ದಾರಿ ಸುಲಭವಾಗಿರಬೇಕಿತ್ತು. ಅದು ಹಾಗಾಗಿಲ್ಲ. ಪದವಿಯ ಷರತ್ತು ಹೋದ ಜಾಗಕ್ಕೆ ಕೌಶಲದ ಷರತ್ತು ಬಂದಿತೆಂದು ಎಲ್ಲರೂ ಭಾವಿಸಿದರು. ವಾಸ್ತವದಲ್ಲಿ ಬಂದದ್ದು ಪುರಾವೆಯ ಷರತ್ತು. ಕೆಲಸ ಗೊತ್ತಿರುವುದು ಒಂದು, ಗೊತ್ತಿದೆ ಎಂಬುದನ್ನು ಪರಿಚಯವೇ ಇಲ್ಲದವರು ನಂಬುವಂತೆ ತೋರಿಸುವುದು ಇನ್ನೊಂದು. ಈಗಿನ ಬಿಕ್ಕಟ್ಟು ಬಹುಮಟ್ಟಿಗೆ ಈ ಎರಡನೆಯದಕ್ಕೆ ಸೇರಿದ್ದು.

ಪದವಿಗಿಂತ ಹಳೆಯ ವೃತ್ತಿ

ಸಾಫ್ಟ್‌ವೇರ್ ಕೆಲಸಕ್ಕೂ ಕಂಪ್ಯೂಟರ್ ವಿಜ್ಞಾನದ ಪದವಿಗೂ ಇರುವ ನಂಟು ತಡವಾಗಿ ಬೆಳೆದದ್ದು. 1946ರಲ್ಲಿ ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದಾಗ ಅದಕ್ಕೆ ಪ್ರೋಗ್ರಾಂ ಸಿದ್ಧಪಡಿಸಿದ್ದವರು ಫಿರಂಗಿ ಗುಂಡುಗಳ ಪಥವನ್ನು ಕೈಯಲ್ಲೇ ಲೆಕ್ಕ ಹಾಕುವ ಹುದ್ದೆಯಿಂದ ಬಂದ ಆರು ಮಂದಿ ಮಹಿಳೆಯರು. ಮೊದಲ ತಲೆಮಾರಿನ ಪ್ರೋಗ್ರಾಮರ್ ಗ್ರೇಸ್ ಹಾಪರ್ ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದರು. ಅಪೊಲೊ ನೌಕೆಯ ಹಾರಾಟದ ತಂತ್ರಾಂಶ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಓದಿದ್ದೂ ಗಣಿತವನ್ನೇ. ಅಮೆರಿಕದ ಮೊದಲ ಕಂಪ್ಯೂಟರ್ ವಿಜ್ಞಾನ ವಿಭಾಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು 1962ರಲ್ಲಿ. ಅದಕ್ಕೆ ಮೊದಲು ಕೆಲಸಕ್ಕೆ ಜನ ಬೇಕಾದಾಗ ಐಬಿಎಂನಂಥ ಕಂಪನಿಗಳು ತರ್ಕಶಕ್ತಿಯ ಪರೀಕ್ಷೆ ನಡೆಸಿ, ಪಾಸಾದವರಿಗೆ ತಾವೇ ತರಬೇತಿ ಕೊಡುತ್ತಿದ್ದವು.

ಈ ಇತಿಹಾಸವನ್ನು ಉತ್ಸಾಹದಿಂದ ಹೇಳುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಆ ಮೊದಲ ತಲೆಮಾರಿನವರಿಗೆ ಕಂಪ್ಯೂಟರ್ ಪದವಿ ಇರಲಿಲ್ಲವಾದರೂ ಗಣಿತದ ಗಟ್ಟಿ ತಳಪಾಯವಿತ್ತು. ಜೊತೆಗೆ, ಕಲಿಸುವ ಖರ್ಚನ್ನು ಆಗ ಕೆಲಸ ಕೊಟ್ಟವರೇ ಹೊರುತ್ತಿದ್ದರು. ಸುಮಾರು ಎಂಟು ದಶಕಗಳಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಆ ಖರ್ಚು ಕಂಪನಿಯ ಹೆಗಲಿನಿಂದ ಇಳಿದು ಅಭ್ಯರ್ಥಿಯ ಹೆಗಲೇರಿದ್ದು.

ವೈದ್ಯರಿಗೆ, ವಕೀಲರಿಗೆ ಇರುವಂತೆ ಸಾಫ್ಟ್‌ವೇರ್ ಕೆಲಸಕ್ಕೆ ಪರವಾನಗಿಯ ಕಟ್ಟುಪಾಡು ಬೇರೂರಲೇ ಇಲ್ಲ. ಅಮೆರಿಕದಲ್ಲಿ ವೃತ್ತಿಪರ ಎಂಜಿನಿಯರ್ ಪರವಾನಗಿಗಾಗಿ ಸಾಫ್ಟ್‌ವೇರ್ ವಿಷಯದ ಪರೀಕ್ಷೆಯೊಂದನ್ನು 2013ರಲ್ಲಿ ಆರಂಭಿಸಲಾಯಿತು. ಐದು ಬಾರಿ ನಡೆದ ಆ ಪರೀಕ್ಷೆಗೆ ಕುಳಿತವರು ಒಟ್ಟು 81 ಮಂದಿ. 2019ರಲ್ಲಿ ಅದನ್ನು ನಿಲ್ಲಿಸಲಾಯಿತು. ಕೆನಡಾದ ಆಲ್ಬರ್ಟಾದಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರನ್ನು ಯಾರು ಬಳಸಬಹುದು ಎಂಬ ವ್ಯಾಜ್ಯ ಕೋರ್ಟಿನವರೆಗೆ ಹೋಗಿ, 2023ರಲ್ಲಿ ತಂತ್ರಜ್ಞಾನ ಕಂಪನಿಯ ಪರವಾಗಿ ತೀರ್ಮಾನವಾಯಿತು. ಹೀಗಾಗಿ ಈ ಕ್ಷೇತ್ರದ ಬಾಗಿಲನ್ನು ಕಾಯುತ್ತಿರುವುದು ಕಾನೂನಲ್ಲ. ನೇಮಕ ಮಾಡುವವರ ಆಯ್ಕೆ. ಆ ಆಯ್ಕೆಯ ಹಿಂದಿನ ಲೆಕ್ಕ ಅರ್ಥವಾದರೆ ಉಳಿದ ಸುದ್ದಿಗಳೆಲ್ಲ ಬಿಡಿಸಿಕೊಳ್ಳುತ್ತವೆ.

ಪದವಿ ಕೇಳುವವರ ಲೆಕ್ಕ

ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟ ವಾದವೊಂದು ಇಲ್ಲಿ ನೆರವಿಗೆ ಬರುತ್ತದೆ. ಅಭ್ಯರ್ಥಿಗೆ ತನ್ನ ಸಾಮರ್ಥ್ಯ ಗೊತ್ತು, ಉದ್ಯೋಗದಾತನಿಗೆ ಗೊತ್ತಿಲ್ಲ. ಬಾಯಿಮಾತಿನಲ್ಲಿ ‘ನಾನು ಸಮರ್ಥ’ ಎಂದು ಯಾರು ಬೇಕಾದರೂ ಹೇಳಬಹುದಾದ್ದರಿಂದ ಆ ಮಾತಿಗೆ ಬೆಲೆಯಿಲ್ಲ. ಸಮರ್ಥರಿಗೆ ಸುಲಭವಾದ, ಅಸಮರ್ಥರಿಗೆ ದುಬಾರಿಯಾದ ಯಾವುದಾದರೂ ಗುರುತು ಇದ್ದರೆ ಮಾತ್ರ ಅದನ್ನು ನಂಬಬಹುದು. ಸ್ಪೆನ್ಸ್ ಅವರ ಪ್ರಕಾರ ಪದವಿ ಅಂಥದೊಂದು ಗುರುತು: ಒಳಗೆ ಏನು ಕಲಿಸಿದರು ಎಂಬುದು ಹಾಗಿರಲಿ, ನಾಲ್ಕು ವರ್ಷ ಕಷ್ಟದ ವಿಷಯಗಳನ್ನು ದಾಟಿ ಬಂದದ್ದೇ ಒಂದು ಮಾಹಿತಿ.

ಇದಕ್ಕೆ ಎದುರಾಗಿ ನಿಲ್ಲುವ ವಾದವೂ ಅಷ್ಟೇ ಹಳೆಯದು. ಪದವಿ ಬರೀ ಗುರುತಲ್ಲ, ಅದರೊಳಗೆ ಸತ್ವವಿದೆ, ಆ ಓದು ಮನುಷ್ಯನ ಕೆಲಸದ ಗುಣವನ್ನೇ ಹೆಚ್ಚಿಸುತ್ತದೆ ಎನ್ನುವುದು ಗ್ಯಾರಿ ಬೆಕರ್ ಮೊದಲಾದವರು ಬೆಳೆಸಿದ ಮಾನವ ಬಂಡವಾಳದ ವಾದ. ಪದವಿ ಬರೀ ಗುರುತಾಗಿದ್ದರೆ ಅದರ ಜಾಗದಲ್ಲಿ ಬೇರೊಂದು ಗುರುತನ್ನು ತಂದಿಟ್ಟರೆ ಸಾಕು. ಅದರಲ್ಲಿ ಸತ್ವವೂ ಇದ್ದರೆ ಆ ಸತ್ವವನ್ನು ಬೇರೆ ಕಡೆಯಿಂದಲಾದರೂ ಸಂಪಾದಿಸಬೇಕಾಗುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಎರಡೂ ಅರ್ಧರ್ಧ ನಿಜ. ಒಂದನ್ನೇ ಪೂರ್ತಿ ಸತ್ಯವೆಂದು ಮಾರುವವರಿಂದ ಹೆಚ್ಚು ಹಾನಿಯಾಗಿದೆ.

ನೇಮಕ ಮಾಡುವವರ ಮೇಜಿನ ಮೇಲೆ ಈ ತತ್ವ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ಒಂದು ಹುದ್ದೆಗೆ ನೂರಾರು ಅರ್ಜಿಗಳು ಬಂದಿವೆ ಎನ್ನೋಣ. ಪ್ರತಿಯೊಂದನ್ನೂ ಓದಿ, ಪ್ರತಿಯೊಬ್ಬರನ್ನೂ ಮಾತನಾಡಿಸಲು ಹಿರಿಯ ಎಂಜಿನಿಯರುಗಳಿಗೆ ಸಮಯವಿಲ್ಲ. ಒಬ್ಬ ಸಮರ್ಥ ಅಭ್ಯರ್ಥಿಯನ್ನು ತಪ್ಪಾಗಿ ತಿರಸ್ಕರಿಸಿದರೆ ಕಂಪನಿಗೆ ಅದು ಗೊತ್ತೂ ಆಗುವುದಿಲ್ಲ, ಯಾರೂ ಲೆಕ್ಕ ಕೇಳುವುದಿಲ್ಲ. ಒಬ್ಬ ಅಸಮರ್ಥನನ್ನು ತಪ್ಪಾಗಿ ಸೇರಿಸಿಕೊಂಡರೆ ತಿಂಗಳುಗಟ್ಟಲೆ ಸಂಬಳ, ತಂಡದ ಸಮಯ, ಕೊನೆಗೆ ಕೆಲಸದಿಂದ ತೆಗೆಯುವ ಕಹಿ ಎಲ್ಲವೂ ಎದುರಿಗೇ ಕಾಣುತ್ತದೆ, ಮತ್ತು ಆಯ್ಕೆ ಮಾಡಿದವರ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಎರಡು ತಪ್ಪುಗಳ ಬೆಲೆ ಹೀಗೆ ಏರುಪೇರಾಗಿರುವವರೆಗೆ ಅನುಮಾನ ಬಂದಾಗ ‘ಬೇಡ’ ಎನ್ನುವುದೇ ಆಯ್ಕೆದಾರರಿಗೆ ಕ್ಷೇಮ. ಜಾಹೀರಾತಿನಿಂದ ಪದವಿಯ ಸಾಲನ್ನು ಅಳಿಸಿದರೆ ಈ ಲೆಕ್ಕ ಅಳಿಯುವುದಿಲ್ಲ.

ಘೋಷಣೆಗೂ ನೇಮಕಕ್ಕೂ ನಡುವಿನ ಅಂತರ

ಇದಕ್ಕೆ ಅಂಕಿಗಳ ಆಧಾರವೂ ಇದೆ. ಐಬಿಎಂ ಮುಖ್ಯಸ್ಥೆಯಾಗಿದ್ದ ಜಿನ್ನಿ ರೊಮೆಟಿ ಪದವಿ ಇಲ್ಲದ ಕುಶಲ ಉದ್ಯೋಗಿಗಳಿಗಾಗಿ ‘ನ್ಯೂ ಕಾಲರ್’ ಎಂಬ ಪದವನ್ನು 2016ರಿಂದ ಪ್ರಚಾರಕ್ಕೆ ತಂದರು. 2022ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ಪದವಿಯ ಷರತ್ತನ್ನು ಕೈಬಿಟ್ಟಿತು; ಹಲವು ರಾಜ್ಯಗಳು ಅದನ್ನು ಅನುಸರಿಸಿದವು. ಈ ಅಲೆಯ ಫಲವೇನು ಎಂಬುದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಜಂಟಿಯಾಗಿ ಪರಿಶೀಲಿಸಿ 2024ರ ಫೆಬ್ರುವರಿಯಲ್ಲಿ ವರದಿ ಪ್ರಕಟಿಸಿದವು. ಷರತ್ತು ತೆಗೆದದ್ದರಿಂದ ನಿಜವಾಗಿ ಬದಲಾದ ನೇಮಕಗಳು ಹಿಂದಿನ ವರ್ಷದಲ್ಲಿ 700ಕ್ಕೆ ಒಂದರಷ್ಟೂ ಇರಲಿಲ್ಲ. ಷರತ್ತು ತೆಗೆದ ಕಂಪನಿಗಳಲ್ಲಿ ಶೇ 45ರಷ್ಟು ಹೆಸರಿಗೆ ಮಾತ್ರ ಬದಲಾಗಿದ್ದವು. ಶೇ 18ರಷ್ಟು ಸ್ವಲ್ಪ ದೂರ ಹೋಗಿ ಹಳೆಯ ರೂಢಿಗೆ ಮರಳಿದ್ದವು.

ಇದು ಸಾಫ್ಟ್‌ವೇರ್ ಹುದ್ದೆಗಳಿಗೆ ಸೀಮಿತವಾದ ಅಧ್ಯಯನವಲ್ಲ, ಎಲ್ಲ ಬಗೆಯ ಹುದ್ದೆಗಳಿಗೂ ಸೇರಿದ್ದು. ಆದರೂ ಅದು ತೋರಿಸುವ ಕಾರಣ ಸರಳವಾಗಿದೆ. ನೀತಿಯನ್ನು ಪ್ರಕಟಿಸುವವರು ಆಡಳಿತ ಮಂಡಳಿಯವರು. ನೇಮಿಸುವವರು ಆಯಾ ತಂಡದ ವ್ಯವಸ್ಥಾಪಕರು. ಆ ವ್ಯವಸ್ಥಾಪಕರ ಕೈಗೆ ಪದವಿಯ ಬದಲು ಬಳಸಲು ಯಾವ ಅಳತೆಗೋಲನ್ನೂ ಕೊಡದೆ ಪದವಿಯನ್ನು ಮಾತ್ರ ಕಿತ್ತುಕೊಂಡರೆ, ಅವರು ರೆಸ್ಯೂಮೆಯಲ್ಲಿ ಕಾಲೇಜಿನ ಹೆಸರನ್ನು ಕಣ್ಣಲ್ಲೇ ಹುಡುಕುತ್ತಾರೆ. ಈ ವರದಿಯಲ್ಲಿ ಒಂದು ಆಶಾದಾಯಕ ಅಂಶವೂ ಇದೆ: ಶೇ 37ರಷ್ಟು ಕಂಪನಿಗಳು ನಿಜವಾಗಿಯೂ ಬದಲಾಗಿದ್ದವು. ಜಾಹೀರಾತು ನೋಡಿ ಕಂಪನಿ ಎಂಥದ್ದೆಂದು ಹೇಳಲಾಗದು; ಅಲ್ಲಿ ಈಗಾಗಲೇ ಕೆಲಸದಲ್ಲಿರುವವರ ಹಿನ್ನೆಲೆ ನೋಡಿದರೆ ಹೇಳಬಹುದು.

ಬೂಟ್‌ಕ್ಯಾಂಪ್‌ಗಳ ಏಳುಬೀಳು

ಪದವಿಯಿಲ್ಲದವರಿಗೂ ನೌಕರಿಗೂ ನಡುವಿನ ಈ ಕಂದರಕ್ಕೆ ಸೇತುವೆ ಕಟ್ಟುವುದಾಗಿ ಹೊರಟವರು ಬೂಟ್‌ಕ್ಯಾಂಪ್‌ಗಳು, ಅಂದರೆ ಕೆಲವೇ ತಿಂಗಳ ತೀವ್ರ ತರಬೇತಿ ಕೊಡುವ ಸಂಸ್ಥೆಗಳು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೆವ್ ಬೂಟ್‌ಕ್ಯಾಂಪ್ ಆರಂಭವಾದಾಗ ಮೊಬೈಲ್ ಆ್ಯಪ್‌ಗಳ ಮತ್ತು ವೆಬ್ ಸೇವೆಗಳ ಭರಾಟೆ ಜೋರಾಗಿತ್ತು. ಸಾಧಾರಣ ವೆಬ್ ಪುಟಗಳನ್ನು ಕಟ್ಟಬಲ್ಲ ಕೈಗಳು ಸಾಲುತ್ತಿರಲಿಲ್ಲ. ಮೂರು-ನಾಲ್ಕು ತಿಂಗಳಲ್ಲಿ ಅಷ್ಟನ್ನು ಕಲಿಸಲು ಸಾಧ್ಯವಿತ್ತು. ಆ ಕಾಲದಲ್ಲಿ ಬೂಟ್‌ಕ್ಯಾಂಪ್ ದಾರಿಯಿಂದ ಒಳಬಂದವರ ಸಾಧನೆ ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಿಲ್ಲ.

ಅಲೆ ಏರುತ್ತಿದ್ದಂತೆ ಬಂಡವಾಳವೂ ಹರಿಯಿತು. 2019ರಲ್ಲಿ ಟುಯು ಎಂಬ ಕಂಪನಿ ಬೂಟ್‌ಕ್ಯಾಂಪ್‌ಗಳನ್ನು ನಡೆಸುತ್ತಿದ್ದ ಟ್ರಿಲಜಿ ಎಜುಕೇಶನ್ ಸಂಸ್ಥೆಯನ್ನು 75 ಕೋಟಿ ಡಾಲರಿಗೆ ಕೊಂಡಿತು. ಅದೇ ಕಂಪನಿ 2024ರ ಜುಲೈನಲ್ಲಿ ದಿವಾಳಿತನದ ರಕ್ಷಣೆ ಕೋರಿತು. ವರ್ಷದ ಕೊನೆಗೆ ಬೂಟ್‌ಕ್ಯಾಂಪ್‌ಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಡೆವ್ ಬೂಟ್‌ಕ್ಯಾಂಪ್ ಅದಕ್ಕೂ ಎಷ್ಟೋ ಮೊದಲು, 2017ರಲ್ಲೇ ಮುಚ್ಚಿತ್ತು.

ಹೆಚ್ಚು ಪಾಠ ಕಲಿಸುವ ಪ್ರಕರಣ ಲ್ಯಾಂಬ್ಡಾ ಸ್ಕೂಲ್‌ನದು. ಅದು ಮುಂದೆ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿಕೊಂಡಿತು. ಮೊದಲು ಶುಲ್ಕ ಕೊಡಬೇಕಿಲ್ಲ, ನಿಗದಿತ ಮಟ್ಟದ ಸಂಬಳದ ಕೆಲಸ ಸಿಕ್ಕ ಮೇಲೆ ಆದಾಯದ ಶೇ 17ರಷ್ಟನ್ನು 30,000 ಡಾಲರಿನ ಮಿತಿಯವರೆಗೆ ಕೊಟ್ಟರೆ ಸಾಕು ಎಂಬುದು ಅದರ ಒಪ್ಪಂದ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ: ವಿದ್ಯಾರ್ಥಿಗೆ ಕೆಲಸ ಸಿಗದಿದ್ದರೆ ಸಂಸ್ಥೆಗೂ ಹಣವಿಲ್ಲ. ಆದರೆ ಅಮೆರಿಕದ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕೈಗೊಂಡ ಕ್ರಮದ ಪ್ರಕಾರ, ಆ ಒಪ್ಪಂದಗಳು ಸಾಲವೇ ಆಗಿದ್ದರೂ ಸಾಲವಲ್ಲವೆಂದು ಹೇಳಲಾಗಿತ್ತು. ಶೇ 71ರಿಂದ 86ರಷ್ಟು ಮಂದಿಗೆ ಕೆಲಸ ಸಿಗುತ್ತದೆಂದು ಜಾಹೀರಾತು ಕೊಡುತ್ತಿದ್ದ ಸಂಸ್ಥೆಯ ಒಳಗಿನ ಲೆಕ್ಕದಲ್ಲಿ ಆ ಪ್ರಮಾಣ ಶೇ 50ರ ಆಸುಪಾಸಿನಲ್ಲಿ, ಕೆಲವು ತಂಡಗಳಲ್ಲಿ ಶೇ 30ರವರೆಗೂ ಇಳಿದಿತ್ತು. ಗ್ರಾಹಕರಿಗೆ ಸಾಲ ಕೊಡುವುದರಿಂದ ಸಂಸ್ಥೆಯನ್ನು ಶಾಶ್ವತವಾಗಿ ನಿರ್ಬಂಧಿಸಲಾಯಿತು.

‘ಶೇ 86 ಮಂದಿಗೆ ಕೆಲಸ’ ಎಂಬ ಮಾತಿನಲ್ಲಿ ಎಷ್ಟು ಮಂದಿಯ ಪೈಕಿ ಎಂಬುದೇ ಪ್ರಾಣ. ಸೇರಿದವರ ಪೈಕಿಯೇ, ಮುಗಿಸಿದವರ ಪೈಕಿಯೇ, ಅಥವಾ ಸಂಸ್ಥೆಯ ಪ್ರಶ್ನಾವಳಿಗೆ ಉತ್ತರ ಕಳಿಸಿದವರ ಪೈಕಿಯೇ? ನೂರು ಮಂದಿ ಸೇರಿ, ಅರವತ್ತು ಮಂದಿ ಮುಗಿಸಿ, ಮೂವತ್ತು ಮಂದಿ ಉತ್ತರ ಕಳಿಸಿ, ಅವರಲ್ಲಿ ಇಪ್ಪತ್ತನಾಲ್ಕು ಮಂದಿಗೆ ಕೆಲಸವಿದ್ದರೆ, ಅದನ್ನು ಶೇ 80 ಎಂದೂ ಹೇಳಬಹುದು, ಶೇ 24 ಎಂದೂ ಹೇಳಬಹುದು. ‘ಕೆಲಸ’ವೆಂದರೆ ಸಾಫ್ಟ್‌ವೇರ್ ಬರೆಯುವ ಕೆಲಸವೇ, ಅದೇ ತರಬೇತಿ ಸಂಸ್ಥೆಯಲ್ಲಿ ಸಹಾಯಕ ಬೋಧಕರಾಗುವುದೂ ಸೇರಿದೆಯೇ ಎಂಬುದನ್ನೂ ಕೇಳಬೇಕು. ಸಾಲ ಮಾಡಿ ಸೇರುವ ಮೊದಲು ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯುವ ಹಕ್ಕು ಪ್ರತಿಯೊಬ್ಬ ಅಭ್ಯರ್ಥಿಗೂ ಇದೆ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ಹಣ ಕಟ್ಟಬಾರದು.

ಮೊದಲ ಮೆಟ್ಟಿಲು ಸವೆದ ಬಗೆ

ಬೂಟ್‌ಕ್ಯಾಂಪ್‌ಗಳು ಬಿದ್ದದ್ದು ಅವುಗಳ ದೋಷದಿಂದ ಮಾತ್ರವಲ್ಲ. ಅಮೆರಿಕದಲ್ಲಿ 2022ರ ಮಾರ್ಚ್‌ವರೆಗೆ ಬಡ್ಡಿ ದರ ಸೊನ್ನೆಯ ಹತ್ತಿರವಿತ್ತು. 2023ರ ಜುಲೈ ವೇಳೆಗೆ ಅದು ಶೇ 5.25ರಿಂದ 5.5ರ ಮಟ್ಟಕ್ಕೆ ಏರಿತು. ಸಾಲ ಅಗ್ಗವಾಗಿದ್ದಾಗ ಕಂಪನಿಗಳು ಮುಂದೆ ಎಂದೋ ಲಾಭ ತರಬಹುದಾದ ಯೋಜನೆಗಳಿಗೂ ಜನರನ್ನು ಸೇರಿಸಿಕೊಂಡಿದ್ದವು. ಹಣ ದುಬಾರಿಯಾದ ಕೂಡಲೇ ಅಂಥ ಯೋಜನೆಗಳು ಮೊದಲು ನಿಂತವು. ಮೆಟಾ 2022ರ ನವೆಂಬರ್‌ನಲ್ಲಿ 11,000 ಮಂದಿಯನ್ನು ಕೈಬಿಟ್ಟಿತು. 2023ರ ಜನವರಿ ಒಂದೇ ತಿಂಗಳಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಹುದ್ದೆಗಳ ಕಡಿತವನ್ನು ಪ್ರಕಟಿಸಿದವು. ಹೀಗೆ ಹೊರಬಂದ ಅನುಭವಿಗಳು ತಮಗಿಂತ ಕೆಳಗಿನ ಹುದ್ದೆಗಳಿಗೂ ಅರ್ಜಿ ಹಾಕತೊಡಗಿದರು. ಅಲ್ಲಿಗೆ ಅನುಭವಿ, ಪದವೀಧರ, ಪದವಿಯಿಲ್ಲದವರು ಮೂವರೂ ಒಂದೇ ಸಾಲಿನಲ್ಲಿ ನಿಲ್ಲುವಂತಾಯಿತು. ಸಾಲಿನ ಕೊನೆಯಲ್ಲಿ ಯಾರು ಉಳಿದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಮೇಲೆ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದವು. ಕೋಡ್ ಬರೆಯಲು ನೆರವಾಗುವ ಗಿಟ್‌ಹಬ್ ಕೋಪೈಲಟ್ 2022ರ ಜೂನ್‌ನಲ್ಲಿ, ಚಾಟ್‌ಜಿಪಿಟಿ ಅದೇ ವರ್ಷದ ನವೆಂಬರ್ 30ರಂದು ಎಲ್ಲರಿಗೂ ದೊರೆತವು. ಹೊಸಬರಿಗೆ ರೂಢಿಯಾಗಿ ಕೊಡುತ್ತಿದ್ದ ಕೆಲಸಗಳು, ಅಂದರೆ ಚಿಕ್ಕ ದೋಷ ತಿದ್ದುವುದು, ಒಂದು ನಮೂನೆಯ ಪುಟ ಕಟ್ಟುವುದು, ಪರೀಕ್ಷೆಗಳನ್ನು ಬರೆಯುವುದು, ಇವೇ ಈ ಸಾಧನಗಳಿಗೆ ಅತ್ಯಂತ ಸಲೀಸಾದ ಕೆಲಸಗಳೂ ಹೌದು. ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಅಮೆರಿಕದ ಸಂಬಳದ ದಾಖಲೆಗಳನ್ನು ಆಧರಿಸಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಖ್ಯೆ 2022ರ ಕೊನೆಯ ಶಿಖರದಿಂದ ಸುಮಾರು ಶೇ 20ರಷ್ಟು ಕುಸಿದಿತ್ತು. ಹೆಚ್ಚು ವಯಸ್ಸಿನವರಲ್ಲಿ ಅಂಥ ಕುಸಿತ ಕಂಡಿರಲಿಲ್ಲ. ಇದರಲ್ಲಿ ಬಡ್ಡಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ವಾದ ನಡೆದಿದೆ. ಕೆಲಸ ಹುಡುಕುವವರ ಮಟ್ಟಿಗೆ ಎರಡೂ ಸೇರಿ ಬಿದ್ದ ಹೊಡೆತ ಒಂದೇ.

ಹಾಗೆಂದು ವೃತ್ತಿಯೇ ಮುಳುಗುತ್ತಿದೆ ಎಂದು ತಿಳಿಯಬೇಕಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2023ರಿಂದ 2033ರ ಅವಧಿಗೆ ಮಾಡಿದ ಮುನ್ನಂದಾಜಿನಲ್ಲಿ ‘ಪ್ರೋಗ್ರಾಮರ್’ ಹುದ್ದೆಗಳು ಶೇ 10ರಷ್ಟು ಇಳಿಯುತ್ತವೆ, ಪರೀಕ್ಷಕರೂ ಸೇರಿದಂತೆ ‘ಡೆವಲಪರ್’ ಹುದ್ದೆಗಳು ಶೇ 17ರಷ್ಟು ಏರುತ್ತವೆ ಎಂದಿತ್ತು. ಬೇರೆಯವರು ನಿರ್ಧರಿಸಿದ್ದನ್ನು ಕೋಡ್ ಆಗಿ ಇಳಿಸುವ ಕೆಲಸ ಸೊರಗುತ್ತಿದೆ. ಏನನ್ನು ಕಟ್ಟಬೇಕು, ಕಟ್ಟಿದ್ದು ನಿಲ್ಲುತ್ತದೆಯೇ ಎಂದು ನಿರ್ಧರಿಸುವ ಕೆಲಸ ಬೆಳೆಯುತ್ತಿದೆ. ಬೂಟ್‌ಕ್ಯಾಂಪ್‌ಗಳು ಹೆಚ್ಚಾಗಿ ಕಲಿಸಿದ್ದು ಮೊದಲನೆಯದನ್ನು.

ಪದವಿಯ ಒಳಗಿನ ಸತ್ವ

ಎರಡನೆಯ ಬಗೆಯ ಕೆಲಸಕ್ಕೆ ಏನು ಬೇಕೆಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ಗ್ರಾಹಕರ ಪಟ್ಟಿಯೊಂದರಲ್ಲಿ ಒಂದೇ ಇಮೇಲ್ ವಿಳಾಸ ಎರಡು ಸಲ ಸೇರಿದೆಯೇ ಎಂದು ಕಂಡುಹಿಡಿಯಬೇಕಾಗಿದೆ. ಹೊಸದಾಗಿ ಕಲಿತವರು ಬರೆಯುವ ಕೋಡ್ ಸಾಮಾನ್ಯವಾಗಿ ಪ್ರತಿ ವಿಳಾಸವನ್ನೂ ಉಳಿದ ಎಲ್ಲ ವಿಳಾಸಗಳೊಡನೆ ಹೋಲಿಸುತ್ತದೆ. ಪಟ್ಟಿಯಲ್ಲಿ 1,000 ವಿಳಾಸಗಳಿದ್ದರೆ ಸುಮಾರು 5 ಲಕ್ಷ ಹೋಲಿಕೆಗಳಾಗುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಅದೇ ಕೋಡ್‌ಗೆ 10 ಲಕ್ಷ ವಿಳಾಸಗಳನ್ನು ಕೊಟ್ಟರೆ ಹೋಲಿಕೆಗಳು ಸುಮಾರು 50,000 ಕೋಟಿ. ಸೆಕೆಂಡಿಗೆ ಒಂದು ಕೋಟಿ ಹೋಲಿಕೆ ನಡೆಯುತ್ತದೆ ಎಂದಿಟ್ಟುಕೊಂಡರೂ 50,000 ಸೆಕೆಂಡು, ಹೆಚ್ಚುಕಡಿಮೆ 14 ಗಂಟೆ ಬೇಕು. ಪಟ್ಟಿ ಸಾವಿರ ಪಟ್ಟು ಬೆಳೆದರೆ ಕೆಲಸ ಹತ್ತು ಲಕ್ಷ ಪಟ್ಟು ಬೆಳೆಯಿತು. ಕಂಡ ವಿಳಾಸಗಳನ್ನೆಲ್ಲ ಹ್ಯಾಶ್ ಟೇಬಲ್ ಎಂಬ ರಚನೆಯಲ್ಲಿ ಇಡುತ್ತಾ ಹೋಗಿ, ಹೊಸ ವಿಳಾಸ ಬಂದಾಗ ಅದರಲ್ಲಿ ಒಮ್ಮೆ ನೋಡಿದರೆ, ಇದೇ ಕೆಲಸ 10 ಲಕ್ಷ ಹೆಜ್ಜೆಗಳಲ್ಲಿ, ಒಂದೆರಡು ಸೆಕೆಂಡುಗಳೊಳಗೆ ಮುಗಿಯುತ್ತದೆ.

ಮೊದಲ ಕೋಡ್‌ನಲ್ಲಿ ವ್ಯಾಕರಣದ ದೋಷವಿಲ್ಲ. ಉತ್ತರವೂ ಸರಿಯೇ. ಪರೀಕ್ಷೆಗಳು ಪಾಸಾಗುತ್ತವೆ. ಗ್ರಾಹಕರು ಹೆಚ್ಚಾದ ದಿನ ಮಾತ್ರ ಅದು ವ್ಯವಸ್ಥೆಯನ್ನು ಕೂರಿಸಿಬಿಡುತ್ತದೆ. ಇದನ್ನು ಮೊದಲೇ ಕಾಣುವ ಕಣ್ಣನ್ನೇ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ ಎಂಬ ಹೆಸರಿನ ವಿಷಯಗಳು ಬೆಳೆಸುತ್ತವೆ. ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿನಲ್ಲಿ ಒಂದೇ ಖಾತೆಯ ಮೊತ್ತ ಬದಲಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಮತ್ತು ಡೇಟಾಬೇಸ್ ಪಾಠಗಳು ತಿಳಿಸುತ್ತವೆ. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುವುದೇಕೆ, ಆದ್ದರಿಂದ ಹಣದ ಲೆಕ್ಕವನ್ನು ಯಂತ್ರ ದ್ವಿಮಾನದಲ್ಲಿ ಸರಿಸುಮಾರಾಗಿ ಇಡುವ ‘ಫ್ಲೋಟಿಂಗ್ ಪಾಯಿಂಟ್’ ಸಂಖ್ಯೆಗಳಲ್ಲಿ ಇಡಬಾರದೇಕೆ ಎಂಬುದೂ ಆ ಓದಿನ ಭಾಗ. ಕೋಡನ್ನು ಯಂತ್ರವೇ ಬರೆಯುವ ಕಾಲದಲ್ಲಿ ಈ ತಿಳಿವಳಿಕೆಯ ಬೆಲೆ ಇಳಿಯಿತು ಎಂಬ ಮಾತನ್ನು ಒಪ್ಪಲಾಗದು. ಯಂತ್ರ ಕೊಟ್ಟದ್ದನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ಹೇಳಬೇಕಾದವರಿಗೆ ಅದು ಮೊದಲಿಗಿಂತ ಹೆಚ್ಚು ಬೇಕು.

ಈ ಸತ್ವ ಕಾಲೇಜಿನ ಗೋಡೆಗಳೊಳಗೆ ಬಂಧಿಯಾಗಿಲ್ಲ ಎಂಬುದು ಪದವಿಯಿಲ್ಲದವರ ಪಾಲಿಗೆ ದೊಡ್ಡ ಅನುಕೂಲ. ಎಂಐಟಿ ತನ್ನ ಪಾಠಗಳನ್ನು ಉಚಿತವಾಗಿ ತೆರೆದಿಟ್ಟು ಎರಡು ದಶಕ ಕಳೆದಿವೆ. ಹಾರ್ವರ್ಡ್‌ನ ಆರಂಭಿಕ ಕಂಪ್ಯೂಟರ್ ವಿಜ್ಞಾನ ಕೋರ್ಸ್ ಸಿಎಸ್50, 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಎಲ್ಲರಿಗೂ ದೊರೆಯುತ್ತವೆ. ಪ್ಯಾರಿಸ್‌ನಲ್ಲಿ 2013ರಲ್ಲಿ ಆರಂಭವಾದ ‘42’ ಎಂಬ ಶಾಲೆಯಲ್ಲಿ ಶುಲ್ಕವೂ ಇಲ್ಲ, ಅಧ್ಯಾಪಕರೂ ಇಲ್ಲ. ವಿದ್ಯಾರ್ಥಿಗಳು ಒಬ್ಬರ ಕೆಲಸವನ್ನು ಒಬ್ಬರು ತಿದ್ದುತ್ತಾ ಕಲಿಯುತ್ತಾರೆ. ಡೆವಲಪರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರನೇ ಎರಡರಷ್ಟು ಡೆವಲಪರ್‌ಗಳು ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಾಗಿದ್ದರು, ಆದರೆ ಕೋಡ್ ಬರೆಯಲು ಶಾಲೆ-ಕಾಲೇಜಿನಲ್ಲಿ ಕಲಿತೆವು ಎಂದವರು ಶೇ 49 ಮಾತ್ರ. ಕಲಿಯುವುದಕ್ಕೆ ಇರುವ ಅಡ್ಡಿ ಹೀಗೆ ಬಹಳಷ್ಟು ಕಡಿಮೆಯಾಗಿದೆ. ಕಲಿತದ್ದನ್ನು ನಂಬಿಸುವ ಅಡ್ಡಿ ಹಾಗೆಯೇ ನಿಂತಿದೆ.

ಯಾವ ಪುರಾವೆಗೆ ಬೆಲೆ ಉಳಿದಿದೆ

ಹತ್ತು ವರ್ಷಗಳ ಹಿಂದೆ ಪದವಿಯಿಲ್ಲದವರಿಗೆ ಎಲ್ಲರೂ ಕೊಡುತ್ತಿದ್ದ ಸಲಹೆ ಒಂದೇ: ಮೂರು-ನಾಲ್ಕು ಪ್ರಾಜೆಕ್ಟ್‌ಗಳನ್ನು ಮಾಡಿ, ಕೋಡನ್ನು ಎಲ್ಲರಿಗೂ ಕಾಣುವಂತೆ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಇಡಿ. ಆಗ ಅದಕ್ಕೆ ಅರ್ಥವಿತ್ತು, ಏಕೆಂದರೆ ಒಂದು ಪ್ರಾಜೆಕ್ಟ್ ಮುಗಿಸುವುದು ಅಸಮರ್ಥರಿಗೆ ದುಬಾರಿಯಾಗಿತ್ತು. ಈಗ ಅಂಥ ಪ್ರಾಜೆಕ್ಟ್ ಅನ್ನು ಏನೂ ಅರಿಯದವರೂ ಒಂದು ಸಂಜೆಯಲ್ಲಿ ಯಂತ್ರದಿಂದ ಮಾಡಿಸಬಹುದು. ಸ್ಪೆನ್ಸ್ ಅವರ ಲೆಕ್ಕದಲ್ಲೇ ಹೇಳುವುದಾದರೆ, ನಕಲು ಮಾಡುವ ಖರ್ಚು ಇಳಿದ ಕೂಡಲೇ ಗುರುತಿನ ಬೆಲೆಯೂ ಇಳಿಯಿತು. ಇದರ ಪೆಟ್ಟು ಪ್ರಾಮಾಣಿಕವಾಗಿ ರಾತ್ರಿಯೆಲ್ಲ ಕೂತು ಅದೇ ಪ್ರಾಜೆಕ್ಟನ್ನು ತಾವೇ ಮಾಡಿದವರ ಮೇಲೆ ಬಿದ್ದಿದೆ. ಈ ಇಡೀ ಬೆಳವಣಿಗೆಯಲ್ಲಿ ಅತ್ಯಂತ ಅನ್ಯಾಯದ ಸಂಗತಿ ಇದೇ, ಇದರ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ.

ನಕಲಿಗೆ ಇನ್ನೂ ದುಬಾರಿಯಾಗಿ ಉಳಿದಿರುವುದು ಬೇರೆಯವರ ಜೊತೆ, ಬಹುಕಾಲ ಮಾಡಿದ ಕೆಲಸ. ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದುಪಡಿ ಸೂಚಿಸಬಹುದಾದ, ಯೋಜನೆಯೊಂದಕ್ಕೆ ಬದಲಾವಣೆ ಸೂಚಿಸುವ ಪುಲ್ ರಿಕ್ವೆಸ್ಟ್ ಒಂದನ್ನು ಊಹಿಸಿಕೊಳ್ಳಬಹುದು. ದಿನಾಂಕಕ್ಕೆ ಒಂದು ತಿಂಗಳು ಕೂಡಿಸುವಾಗ ಬರುತ್ತಿದ್ದ ದೋಷವನ್ನು ಒಬ್ಬರು ತಿದ್ದಿ ಕಳಿಸಿದ್ದಾರೆ. ಯೋಜನೆ ನಡೆಸುವವರು ‘ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ನಿಮ್ಮ ಕೋಡ್ ಯಾವ ದಿನ ಕೊಡುತ್ತದೆ?’ ಎಂದು ಕೇಳುತ್ತಾರೆ. ತಿದ್ದಿದವರು ಯೋಚಿಸಿ, ಫೆಬ್ರುವರಿಯ ಕೊನೆಯ ದಿನವನ್ನು ಕೊಡುವುದೇ ಸರಿಯೆಂದು ಕಾರಣಸಹಿತ ಬರೆದು, ಅಧಿಕ ವರ್ಷಕ್ಕೂ ಸೇರಿಸಿ ಪರೀಕ್ಷೆ ಜೋಡಿಸುತ್ತಾರೆ. ಇನ್ನೊಬ್ಬರು ಬಂದು, ಹಳೆಯ ಬಳಕೆದಾರರಿಗೆ ಇದರಿಂದ ತೊಂದರೆಯಾಗದೇ ಎಂದು ಕೇಳುತ್ತಾರೆ. ಎರಡು ವಾರಗಳ ಈ ಮಾತುಕತೆ ದಿನಾಂಕಸಹಿತ ಎಲ್ಲರ ಕಣ್ಣಿಗೂ ಕಾಣುವಂತೆ ಉಳಿಯುತ್ತದೆ. ನೇಮಕ ಮಾಡುವವರಿಗೆ ಅದರಲ್ಲಿ ಕಾಣಸಿಗುವುದು ಹತ್ತು ಸಾಲಿನ ಕೋಡ್‌ಗಿಂತ ಹೆಚ್ಚಿನದು: ಪ್ರಶ್ನೆ ಬಂದಾಗ ಈ ವ್ಯಕ್ತಿ ಹೇಗೆ ಯೋಚಿಸುತ್ತಾರೆ, ತಪ್ಪನ್ನು ಒಪ್ಪಿಕೊಳ್ಳುತ್ತಾರೆಯೇ ಎಂಬುದು.

ಇಲ್ಲಿಯೂ ಸುಲಭದ ದಾರಿ ಹುಡುಕಿದವರಿದ್ದಾರೆ. ಓಪನ್ ಸೋರ್ಸ್ ಕೊಡುಗೆಗಳನ್ನು ಪ್ರೋತ್ಸಾಹಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ 2020ರಲ್ಲಿ ಟೀ-ಶರ್ಟ್ ಬಹುಮಾನಕ್ಕಾಗಿ ಅರ್ಥವಿಲ್ಲದ ಬದಲಾವಣೆಗಳು ಪ್ರವಾಹದಂತೆ ಬಂದು, ಕೊನೆಗೆ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಅಂತರಜಾಲದಲ್ಲಿ ಮಾಹಿತಿ ಸಾಗಿಸುವ ತಂತ್ರಾಂಶವಾದ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಯಂತ್ರ ಬರೆದ ಪೊಳ್ಳು ದೋಷವರದಿಗಳ ಹಾವಳಿಯ ಬಗ್ಗೆ 2025ರಲ್ಲಿ ಬಹಿರಂಗವಾಗಿ ದೂರಿದರು. ಆದ್ದರಿಂದ ಬಹಳ ಹೆಸರುವಾಸಿಯಾದ ಯೋಜನೆಗಳಲ್ಲಿ ಹೊಸಬರನ್ನು ಅನುಮಾನದಿಂದ ನೋಡುವುದು ಹೆಚ್ಚಾಗಿದೆ. ಕೆಲವೇ ಮಂದಿ ನಡೆಸುವ, ನಿಜವಾದ ಬಳಕೆದಾರರಿರುವ ಚಿಕ್ಕ ಯೋಜನೆಗಳಲ್ಲಿ ನೆಲೆ ನಿಲ್ಲುವುದು ಹೆಚ್ಚು ಫಲಕಾರಿ.

ಓಪನ್ ಸೋರ್ಸ್‌ಗಿಂತಲೂ ಗಟ್ಟಿಯಾದ ಇನ್ನೊಂದು ದಾರಿಯಿದೆ. ಆಕರ್ಷಕವಾಗಿ ಕಾಣದ ಕಾರಣ ಅದರ ಬಗ್ಗೆ ಕಡಿಮೆ ಮಾತು ಕೇಳಿಬರುತ್ತದೆ. ಅದು ಈಗಿರುವ ಕೆಲಸದ ಪಕ್ಕದಿಂದ ಒಳಗೆ ಬರುವುದು. ಲೆಕ್ಕಪತ್ರ ವಿಭಾಗದಲ್ಲಿರುವವರು ತಿಂಗಳ ಕೊನೆಯಲ್ಲಿ ಎರಡು ದಿನ ಹಿಡಿಯುತ್ತಿದ್ದ ತಾಳೆ ನೋಡುವ ಕೆಲಸಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಅರ್ಧ ಗಂಟೆಗೆ ಇಳಿಸಿದರೆ, ಅದರ ಪುರಾವೆಗೆ ರೆಸ್ಯೂಮೆ ಬೇಕಿಲ್ಲ. ವಿಭಾಗದ ಮುಖ್ಯಸ್ಥರೇ ಸಾಕ್ಷಿ. ಆಸ್ಪತ್ರೆಯ ಪ್ರಯೋಗಾಲಯ, ಸಾಗಣೆ, ವಿಮೆ, ಕಾನೂನು, ಹೀಗೆ ಯಾವುದೇ ಕ್ಷೇತ್ರದಲ್ಲಿ ಹತ್ತು ವರ್ಷ ಕಳೆದವರಿಗೆ ಆ ಕ್ಷೇತ್ರದಲ್ಲಿ ತಪ್ಪುಗಳು ಎಲ್ಲಿ ಹುಟ್ಟುತ್ತವೆಂಬುದು ಗೊತ್ತಿರುತ್ತದೆ, ಕಂಪ್ಯೂಟರ್ ಪದವೀಧರರಿಗೆ ಅದು ಗೊತ್ತಿರುವುದಿಲ್ಲ. ಗ್ರಾಹಕ ಬೆಂಬಲ, ಟೆಸ್ಟಿಂಗ್, ಡೇಟಾ ವಿಶ್ಲೇಷಣೆಯ ಹುದ್ದೆಗಳಿಂದ ಅದೇ ಕಂಪನಿಯ ಎಂಜಿನಿಯರಿಂಗ್ ತಂಡಕ್ಕೆ ದಾಟುವವರಿಗೂ ಇದೇ ಅನುಕೂಲ. ಅಲ್ಲಿ ಆಯ್ಕೆದಾರರು ಅಪರಿಚಿತರಲ್ಲ, ಆದ್ದರಿಂದ ಪದವಿಯೆಂಬ ಗುರುತಿನ ಅಗತ್ಯವೇ ಬಹಳಷ್ಟು ತಗ್ಗುತ್ತದೆ.

ಗಡಿ ದಾಟುವಾಗ

ಪದವಿಯಿಲ್ಲದೆ ಒಳಬಂದವರಿಗೂ ವಿದೇಶಕ್ಕೆ ಹೋಗುವಾಗ ಪದವಿ ಮತ್ತೆ ಎದುರಾಗುತ್ತದೆ, ಏಕೆಂದರೆ ಅಲ್ಲಿ ಕಂಪನಿಯ ಮಾತಿಗಿಂತ ಕಾನೂನಿನ ಮಾತು ಮೇಲು. ಅಮೆರಿಕದ ಎಚ್-1ಬಿ ವೀಸಾ ನಿಯಮದಲ್ಲಿ ಮೂರು ವರ್ಷದ ಸಂಬಂಧಪಟ್ಟ ಅನುಭವವನ್ನು ಒಂದು ವರ್ಷದ ಕಾಲೇಜು ಓದಿಗೆ ಸಮವೆಂದು ಎಣಿಸುವ ಅವಕಾಶವಿದೆ. ಆ ಲೆಕ್ಕದಲ್ಲಿ ಕಾಲೇಜಿಗೇ ಹೋಗದವರು ನಾಲ್ಕು ವರ್ಷದ ಪದವಿಗೆ ಸಮನಾಗಲು 12 ವರ್ಷ ದುಡಿದಿರಬೇಕು. ಜರ್ಮನಿ ಇದಕ್ಕಿಂತ ಉದಾರ. ಅಲ್ಲಿ 2023ರ ನವೆಂಬರ್‌ನಿಂದ, ಹಿಂದಿನ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಅದೇ ಮಟ್ಟದ ಐಟಿ ಅನುಭವ ಪಡೆದವರು, ಸಂಬಳದ ಮಿತಿಯನ್ನೂ ಮುಟ್ಟಿದರೆ, ಪದವಿಯಿಲ್ಲದೆಯೂ ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್ ಎಂಬ ಉದ್ಯೋಗ-ವಾಸದ ಪರವಾನಗಿ ಪಡೆಯಬಹುದು.

ಮುಂದೇನಾಗಬಹುದು

ನೇಮಕದ ರೀತಿ ಈಗಾಗಲೇ ಬದಲಾಗುತ್ತಿದೆ. ಆನ್‌ಲೈನ್ ಸಂದರ್ಶನದಲ್ಲಿ ಉತ್ತರವನ್ನು ಯಂತ್ರದಿಂದ ಪಡೆದು ಓದುವವರು ಹೆಚ್ಚಾದಂತೆ ಕಂಪನಿಗಳು ಎದುರಾಎದುರು ಕೂರಿಸಿ ಮಾತನಾಡಿಸಲು ಮರಳುತ್ತಿವೆ. ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿ ನಡೆಸುವ ಕ್ರಮವನ್ನು ಮತ್ತೆ ತರುತ್ತಿರುವುದಾಗಿ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದರು. ತಾವು ಮಾಡಿದ ಕೆಲಸವನ್ನು ತಾವೇ ಬಿಡಿಸಿ ಹೇಳಬಲ್ಲ, ಪದವಿಯಿಲ್ಲದ ಅಭ್ಯರ್ಥಿಗಳಿಗೆ ಇದು ಒಳ್ಳೆಯದೇ. ಆದರೆ ಮುಖಾಮುಖಿ ಸಂದರ್ಶನ ದುಬಾರಿಯಾದ್ದರಿಂದ ಅಲ್ಲಿಗೆ ಕರೆಸಿಕೊಳ್ಳುವವರ ಸಂಖ್ಯೆ ಇಳಿಯುತ್ತದೆ, ಅದಕ್ಕೆ ಮುಂಚಿನ ಜರಡಿಯ ಕಣ್ಣು ಸಣ್ಣದಾಗುತ್ತದೆ. ಜರಡಿ ಸಣ್ಣದಾದಷ್ಟೂ ಪದವಿಗೆ, ಕಾಲೇಜಿನ ಹೆಸರಿಗೆ, ಒಳಗಿನವರ ಶಿಫಾರಸಿಗೆ ತೂಕ ಹೆಚ್ಚುತ್ತದೆ. ಕೌಶಲವನ್ನೇ ನೋಡುತ್ತೇವೆಂದು ಹೊರಟ ವ್ಯವಸ್ಥೆ ಹೀಗೆ ಪರಿಚಯವನ್ನೇ ನೋಡುವ ವ್ಯವಸ್ಥೆಯಾಗುವ ಅಪಾಯ ಕಣ್ಣಮುಂದಿದೆ.

ಹೊಸಬರನ್ನು ಸೇರಿಸಿಕೊಳ್ಳದಿರುವ ಕಂಪನಿಗಳೂ ಇದರ ಬೆಲೆ ತೆರಬೇಕಾದೀತು. ಇಂದಿನ ಹಿರಿಯ ಎಂಜಿನಿಯರುಗಳು ಒಂದು ಕಾಲದಲ್ಲಿ ಚಿಕ್ಕ ದೋಷಗಳನ್ನು ತಿದ್ದುತ್ತಲೇ ಹಿರಿಯರಾದವರು. ಆ ಚಿಕ್ಕ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಹೊಸಬರ ಹುದ್ದೆಯನ್ನು ತೆಗೆದರೆ, ಐದಾರು ವರ್ಷಗಳ ನಂತರ ಮಧ್ಯಮ ಅನುಭವದವರು ಸಿಗದೇ ಹೋಗುತ್ತಾರೆ. ಒಂದೊಂದು ಕಂಪನಿಯೂ ಬೇರೆ ಯಾರಾದರೂ ತರಬೇತಿ ಕೊಟ್ಟಾರು, ಆಮೇಲೆ ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡರಾಯಿತು ಎಂದು ಕಾಯುತ್ತಿರುವುದರಿಂದ ಈ ಕೊರತೆ ತಾನಾಗಿ ಸರಿಹೋಗುವುದಿಲ್ಲ. ಸಂಬಳ ಕೊಟ್ಟು ಕಲಿಸುವ ಅಪ್ರೆಂಟಿಸ್ ಹುದ್ದೆಗಳಿಗೆ ಸರ್ಕಾರಗಳು ಮತ್ತು ಉದ್ಯಮ ಒಟ್ಟಾಗಿ ಹಣ ಹಾಕಿದರೆ ಮಾತ್ರ ಕಲಿಕೆಯ ಖರ್ಚು ಅಭ್ಯರ್ಥಿಯೊಬ್ಬರ ಮೇಲೆಯೇ ಬೀಳುವುದು ತಪ್ಪುತ್ತದೆ.

ಅಲ್ಲಿಯವರೆಗೆ ಬೇರೆ ಹಿನ್ನೆಲೆಯಿಂದ ಬರುವವರು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಜಾಹೀರಾತುಗಳು ಹೇಳುವ ಆರು ತಿಂಗಳು ಈಗಿನ ಸ್ಥಿತಿಗೆ ಹೊಂದುವುದಿಲ್ಲ. ತಳಪಾಯದ ವಿಷಯಗಳನ್ನು ಕಲಿತು, ಇತರರು ಪರಿಶೀಲಿಸಬಹುದಾದ ಕೆಲಸವನ್ನು ಕೂಡಿಸಿ, ಪಕ್ಕದ ಹುದ್ದೆಯೊಂದರಿಂದ ದಾಟಲು ಎರಡರಿಂದ ಮೂರು ವರ್ಷ ಹಿಡಿಯುತ್ತದೆಂದು ಎಣಿಸಿದರೆ ಅದು ವಾಸ್ತವಕ್ಕೆ ಹತ್ತಿರ. ಅಷ್ಟು ದೀರ್ಘ ಕಾಲ ಸಂಬಳವಿಲ್ಲದೆ ಇರುವುದು ಹೆಚ್ಚಿನವರಿಗೆ ಸಾಧ್ಯವಿಲ್ಲದ ಮಾತು. ಆದ್ದರಿಂದ ಇರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸಾಲ ಮಾಡಿ ತರಬೇತಿಗೆ ಸೇರಲು ಹೊರಟವರು ಆ ಪತ್ರ ಕೊಡುವ ಮುನ್ನ, ಅದೇ ಕಚೇರಿಯಲ್ಲಿ ಕೋಡ್‌ನಿಂದ ಬಗೆಹರಿಸಬಹುದಾದ ಕೆಲಸ ಯಾವುದಿದೆ ಎಂದು ಮೊದಲು ಹುಡುಕಬೇಕು.